ಕೊನೆಯ ಅಧ್ಯಾಯಕ್ಕೊಂದು ಬಟ್ಟೆ ಕ್ಲಿಪ್ಪು

ತಾನು ಬರೆದ ಪುಸ್ತಕವನ್ನು ಕೊಳ್ಳಲು ಬಂದವರ ಕೈಯಿಂದ ಅದನ್ನು ನಯವಾಗಿ ಕಿತ್ತುಕೊಂಡು, ಮತ್ತೆ ಕಪಾಟಿಗೆ ಸೇರಿಸಿ, ಅದರ ಬದಲಿಗೆ ಬೇರೊಬ್ಬ ಲೇಖಕರ ಪುಸ್ತಕವನ್ನು ತುರುಕಿ ಕಳಿಸುವ ಗ್ರಂಥಕರ್ತನನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿರುವುದು ಒಬ್ಬನನ್ನೇ. ಆತನ ಹೆಸರು ಮರ್ವಿನ್ ಟ್ರೆಲೋರ್. ಕೊಲೆ, ಅಪಹರಣ, ವಿಷಪ್ರಾಶನ ಇವು ಆತನ ಕಸುಬು. ಟಾಸ್ಮೇನಿಯಾ ದ್ವೀಪದ ದಕ್ಷಿಣ ತುದಿಯ ನಮ್ಮ ಹ್ಯಾಡ್ಲೋ ಕೊಲ್ಲಿ ಆತನ ಊರು. ನಮ್ಮಿಬ್ಬರ ಹಿತ್ತಲುಗಳ ನಡುವೆ ಇರುವುದು ಒಂದು ಮುರುಕಲು ಬೇಲಿ ಮಾತ್ರ.

ಶನಿವಾರ ಬೆಳಿಗ್ಗೆ ಫೆರಿ ಬಂದು ಪ್ರವಾಸಿಗರನ್ನು ದಡಕ್ಕಿಳಿಸುವ ಹೊತ್ತಿಗೆ ಸರಿಯಾಗಿ ಮರ್ವಿನ್ ನೋಲಾ ಬ್ರಿಗ್ಸ್‌ಳ ಪುಸ್ತಕದಂಗಡಿಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಪ್ರತಿಷ್ಠಾಪಿತನಾಗಿರುತ್ತಾನೆ. ಊರಿನ ಲೇಖಕ ಅಲ್ಲಿ ಕೂತರೆ ಆತನ ಪುಸ್ತಕ ನಾಲ್ಕು ಹೋದಾವು ಎಂಬ ಸದಾಶಯದಿಂದ ನೋಲಾ ಆ ಕುರ್ಚಿಯನ್ನು ಹಾಕಿಸಿದ್ದಳು. ಒಮ್ಮೆ ನನ್ನ ಕಣ್ಣೆದುರಿಗೇ ಕೆಂಪು ಟೊಪ್ಪಿಗೆಯ ಹೆಂಗಸೊಬ್ಬಳು ಆತನ ಕಾದಂಬರಿಯನ್ನು ಎತ್ತಿಕೊಂಡು ಹಣ ಕೊಡಲು ಹೊರಟಳು. ಮರ್ವಿನ್ ಎದ್ದು ನಿಂತ.

"ಅಯ್ಯೋ, ಅದು ಬೇಡಿ ಮೇಡಂ."

"ಯಾಕೆ, ಚೆನ್ನಾಗಿಲ್ವಾ?"

"ಪರವಾಗಿಲ್ಲ. ಆದ್ರೆ ಪರವಾಗಿಲ್ಲ ಅನ್ನೋ ಪುಸ್ತಕ ಓದ್ತಾ ಕೂರೋಕೆ ನಮಗೆಲ್ಲಾ ಆಯಸ್ಸೆಲ್ಲಿದೆ? ಇದನ್ನ ತಗೊಳ್ಳಿ. ಇಷ್ಟೇ ಹೇಳ್ತೀನಿ, ಮೂವತ್ತನೇ ಪುಟ ದಾಟಿದ ಮೇಲೆ ಒಲೆ ಮೇಲೆ ಏನೂ ಇಡ್ಬೇಡಿ. ಸೀದು ಹೋಗತ್ತೆ."

"ಇವರು ನಿಮಗೆ ಪರಿಚಯನಾ?" ಎಂದು ಆಕೆ ಮರ್ವಿನ್‌ನದೇ ಪುಸ್ತಕವನ್ನು ತೋರಿಸಿ ಕೇಳಿದಳು. ಹಿಂಬದಿಯ ಚಿತ್ರದಲ್ಲಿ ಆತನಿಗೆ ಗಡ್ಡವಿರಲಿಲ್ಲ, ತಲೆಯಲ್ಲಿ ಕೂದಲಿತ್ತು.

"ಚೆನ್ನಾಗಿ ಗೊತ್ತು. ಒಳ್ಳೆ ಮನುಷ್ಯ. ಕೊಲೆ ಮಾಡೋಕೆ ಮಾತ್ರ ಬರಲ್ಲ."

ಆಕೆ ಬೇರೆ ಪುಸ್ತಕ ಕೊಂಡು ಹೋದ ಮೇಲೆ ನೋಲಾ ತಲೆ ಚಚ್ಚಿಕೊಂಡಳು. "ಮರ್ವ್, ನನ್ನ ಅಂಗಡೀಲಿ ಕೂತ್ಕೊಂಡು ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಳ್ತಿದ್ದೀಯಲ್ಲೋ!" ಎಂದಳು. "ಹಾಕ್ಕೊಂಡ್ರೆ ಹಾಕ್ಕೊಂಡೆ. ಆ ಯಮ್ಮ ಇವತ್ತು ಒಳ್ಳೆ ಪುಸ್ತಕ ಓದ್ತಾಳಲ್ಲ, ಬಿಡು," ಎಂದು ಮರ್ವಿನ್ ಸಂತೃಪ್ತನಾಗಿ ಕುಳಿತು, ಚಿಪ್ಪುಮೀನು ತುಂಬಿದ ತನ್ನ ಪಾಲಿನ ಸ್ಕ್ಯಾಲಪ್ ಪೈ ತಿನ್ನತೊಡಗಿದ.

ಆತನ ನಡಿಗೆಯೇ ಒಂದು ವಿಶೇಷ. ಇಷ್ಟು ವರ್ಷ ಶಂಕಿತರ ಬೆನ್ನು ಹತ್ತುವ ಪತ್ತೇದಾರರನ್ನು ಸೃಷ್ಟಿಸಿ ಸೃಷ್ಟಿಸಿ, ಬ್ರೆಡ್ಡು ತರಲು ಹೋಗುವಾಗಲೂ ಗೋಡೆಗೆ ಒತ್ತಿಕೊಂಡು, ಅರ್ಧ ಹೆಗಲು ಮುಂದೆ ಮಾಡಿ, ತಿರುವಿನಲ್ಲಿ ಒಂದು ಕ್ಷಣ ನಿಂತು ಇಣುಕಿ, ಅನಂತರವೇ ರಸ್ತೆ ದಾಟುತ್ತಾನೆ. ಹೊಸಬರು ಆತನನ್ನು ಕಂಡು ಪೊಲೀಸರಿಗೆ ಫೋನ್ ಮಾಡಿದ್ದೂ ಉಂಟು. ಮೈಮೇಲೆ ಸರ್ವಋತುಗಳಲ್ಲೂ ಮೇಣ ಸವರಿದ ದಪ್ಪ ಬಟ್ಟೆಯ ಒಂದು ಮಳೆಕೋಟು. ಆ ಕೋಟಿನ ಜೇಬುಗಳನ್ನು ಆತನ ಹೆಂಡತಿ ಗ್ಲೆನಿಸ್ ಎರಡು ಬಾರಿ ಬಿಚ್ಚಿ ದೊಡ್ಡದು ಮಾಡಿ ಹೊಲಿದಿದ್ದಾಳೆ. ಅವುಗಳಲ್ಲಿ ಸದಾ ಪರರ ಕಾದಂಬರಿಗಳು. ಕೋಟು ಕಳಚಿ ಗೂಟಕ್ಕೆ ನೇತುಹಾಕಿದರೆ ಗೂಟವೇ ಬಾಗುತ್ತದೆ. ಸಿಕ್ಕಸಿಕ್ಕವರನ್ನು ನಿಲ್ಲಿಸಿ, "ಇಷ್ಟೇ ಹೇಳ್ತೀನಿ" ಎಂದು ಆರಂಭಿಸುತ್ತಾನೆ. ಆ ಮಾತು ಬಾಯಿಂದ ಹೊರಟಿತೆಂದರೆ ಕೇಳುವವರು ಕೈಯಲ್ಲಿನ ಚೀಲವನ್ನು ಕೆಳಗಿಡುವುದು ಒಳ್ಳೆಯದು. ಅರ್ಧ ಗಂಟೆಗೆ ಕಡಿಮೆಯಿಲ್ಲ.

ಆದರೆ ಆ ಅರ್ಧ ಗಂಟೆಯಲ್ಲಿ ಕೊಲೆಗಾರ ಯಾರೆಂಬುದು ಆತನ ಬಾಯಿಂದ ಬಂದ ಉದಾಹರಣೆಯಿಲ್ಲ. ಪರರ ಕಾದಂಬರಿಯ ಅಂತ್ಯವನ್ನು ಮರ್ವಿನ್ ಕಾಯುವಷ್ಟು ನಿಷ್ಠೆಯಿಂದ ಜನ ತಮ್ಮ ಮನೆಯ ಒಡವೆಯನ್ನೂ ಕಾಯುವುದಿಲ್ಲ. ಎರವಲು ಕೊಡುವ ಪ್ರತಿಯೊಂದು ಪುಸ್ತಕದ ಕೊನೆಯ ಅಧ್ಯಾಯಕ್ಕೂ ಬಟ್ಟೆ ಒಣಗಿಸುವ ಮರದ ಕ್ಲಿಪ್ಪೊಂದನ್ನು ಸಿಕ್ಕಿಸಿಯೇ ಕೊಡುವುದು ಆತನ ಹಠ. ಅಲ್ಲಿಯವರೆಗೆ ಓದಿ, ಬೇಲಿಯ ಬಳಿ ಬಂದು, ಕೊಲೆಗಾರ ಇಂಥವನೆಂದು ನಮ್ಮ ಊಹೆಯನ್ನು ನಿವೇದಿಸಿದ ಮೇಲೆಯೇ ಕ್ಲಿಪ್ಪು ತೆಗೆಯಲು ಅಪ್ಪಣೆ. ಊಹೆ ತಪ್ಪಾದರೆ ಮರ್ವಿನ್‌ನ ಮುಖದಲ್ಲಿ ಉಕ್ಕುವ ಆನಂದವನ್ನು ನೋಡಬೇಕು! ಕಥೆ ಬರೆದವರು ಬೇರೆ ಯಾರೋ, ಮೋಸ ಹೋದದ್ದು ನಾನು, ಹಿಗ್ಗುವವನು ಈತ.

ಇದರ ದುಷ್ಪರಿಣಾಮ ಗ್ಲೆನಿಸ್‌ಳ ಮೇಲೆ. ನಮ್ಮ ಕೊಲ್ಲಿಯ ಗಾಳಿ ಸಾಮಾನ್ಯದ್ದಲ್ಲ. ಹಗ್ಗದ ಮೇಲಿನ ಕ್ಲಿಪ್ಪುಗಳನ್ನೆಲ್ಲ ಗಂಡ ಸಾಹಿತ್ಯಸೇವೆಗೆ ಒಯ್ದಿರುವುದರಿಂದ, ಟ್ರೆಲೋರ್ ದಂಪತಿಗಳ ಒಳ ಉಡುಪುಗಳನ್ನು ನನ್ನ ಗುಲಾಬಿ ಗಿಡಗಳ ಮೇಲಿಂದ ಬಿಡಿಸಿ ಬೇಲಿಯಾಚೆ ಕೊಡುವುದು ನನ್ನ ಸೋಮವಾರದ ಕೆಲಸವಾಗಿದೆ. "ಏನು ಮಾಡ್ಲಿ, ಕೊಲೆಗಾರರನ್ನ ಕಟ್ಟಿ ಹಾಕ್ತಾನೆ, ಚಡ್ಡಿ ಬಿಟ್ಟುಬಿಡ್ತಾನೆ," ಎನ್ನುತ್ತಾಳೆ ಗ್ಲೆನಿಸ್.

ಮಾಂಸದಂಗಡಿಯ ಕ್ಲೈವ್‌ನ ಪ್ರಸಂಗವನ್ನಂತೂ ಊರು ಇನ್ನೂ ಮರೆತಿಲ್ಲ. ಕ್ಲೈವ್‌ಗೆ ಹೃದಯದ ಶಸ್ತ್ರಚಿಕಿತ್ಸೆ. ಹೋಬಾರ್ಟಿನ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಕೈಯಲ್ಲಿ ಮರ್ವಿನ್ ಕೊಟ್ಟ ಪುಸ್ತಕ, ಪುಸ್ತಕಕ್ಕೆ ಕ್ಲಿಪ್ಪು. ಒಳಗೆ ಕರೆದೊಯ್ಯುವ ಮುನ್ನ ಆತ ಮರ್ವಿನ್‌ನ ಕೈ ಹಿಡಿದು, "ಮಾರಾಯ, ನಾನು ಏಳ್ತೀನೋ ಇಲ್ವೋ ಗೊತ್ತಿಲ್ಲ. ಈ ಪುಸ್ತಕದಲ್ಲಿ ಆ ಡಾಕ್ಟರನ್ನ ಕೊಂದೋರು ಯಾರು ಅಂತ ಹೇಳ್ಬಿಡು," ಎಂದು ಅಂಗಲಾಚಿದ. ಮರ್ವಿನ್‌ನ ಕಣ್ಣಲ್ಲಿ ನೀರು. ಆದರೂ ಆತ, "ಎದ್ದು ಬಂದು ಓದ್ಕೋ ಕಣೋ. ಈಗ್ಲೇ ಹೇಳ್ಬಿಟ್ರೆ ಏಳೋಕೆ ನಿಂಗೆ ಏನು ಅವಸರ ಇರತ್ತೆ?" ಎಂದುಬಿಟ್ಟ. ಕ್ಲೈವ್ ಎದ್ದು ಬಂದ. ತನ್ನನ್ನು ಬದುಕಿಸಿದ್ದು ವೈದ್ಯರಲ್ಲ, ಆ ನೀಚನ ಮೇಲಿನ ಸಿಟ್ಟು ಎಂದು ಇಂದಿಗೂ ಕುರಿಮಾಂಸ ಕತ್ತರಿಸುತ್ತ ಹೇಳುತ್ತಾನೆ. ಮರ್ವಿನ್‌ಗೆ ಒಳ್ಳೆಯ ತುಂಡು ಎತ್ತಿಡುವುದೂ ಆತನೇ.

ಸಹಲೇಖಕರ ವಿಷಯದಲ್ಲಿ ಈ ಮನುಷ್ಯನ ಧಾರಾಳಕ್ಕೆ ಎಲ್ಲೆಯಿಲ್ಲ. ಈ ದೇಶದ ಯಾವ ಮೂಲೆಯಲ್ಲಿ ಯಾರು ಹೊಸ ಪತ್ತೇದಾರಿ ಕಾದಂಬರಿ ಬರೆದರೂ ಮುಖಪುಟಕ್ಕೆ ಎರಡು ಮೆಚ್ಚುನುಡಿ ಬೇಕೆಂದು ಕೇಳುವುದು ಮರ್ವಿನ್‌ನನ್ನು. ಈ ಕಸುಬಿನಲ್ಲಿ ಇಂಥ ಮೆಚ್ಚುಗೆ ಸಾಮಾನ್ಯವಾಗಿ ಕೊಡು-ಕೊಳ್ಳುವ ವ್ಯವಹಾರ. ಪುಸ್ತಕ ಓದದೆಯೇ "ನಿದ್ದೆಗೆಡಿಸುವ ಕೃತಿ" ಎಂದು ಬರೆದುಕೊಡುವವರೇ ಹೆಚ್ಚು. ಮರ್ವಿನ್ ಓದುತ್ತಾನೆ, ಎರಡು ಬಾರಿ ಓದುತ್ತಾನೆ, ಮುಖಪುಟದಲ್ಲಿ ಹಿಡಿಸಲಾರದಷ್ಟು ಬರೆಯುತ್ತಾನೆ. ನಿದ್ದೆಗೆಟ್ಟೆ ಎಂದು ಮಾತ್ರ ಬರೆಯುವುದಿಲ್ಲ, ಏಕೆಂದರೆ ಕೋಳಿಗಳ ಜೊತೆಗೇ ಮಲಗುವವನು ಆತ. ತನ್ನ ಪುಸ್ತಕದ ಪ್ರಸಂಗ ಬಂದರೆ ಸಾಕು, ಶಾಲೆಗೆ ತಡವಾಗಿ ಬಂದ ಮಗುವಿನ ಹಾಗೆ ಶೂ ನೋಡಿಕೊಳ್ಳುತ್ತಾನೆ.

ಇಂಥವನ ಪುಸ್ತಕಗಳು ಎಷ್ಟು ಮಾರಾಟವಾದಾವು? ಹೋದ ಚಳಿಗಾಲದ ಆರಂಭದಲ್ಲಿ ಗ್ಲೆನಿಸ್ ಬೇಲಿಯ ಬಳಿ ನಿಂತು, ಎಂದಿನಂತೆ ತಮಾಷೆ ಮಾಡದೆ, ಸಣ್ಣ ದನಿಯಲ್ಲಿ ವಿಷಯ ತಿಳಿಸಿದಳು. ಮೆಲ್ಬರ್ನಿನ ಪ್ರಕಾಶಕರ ಕಡೆಯ ಪೆಟ್ರಾ ಎಂಬ ಹುಡುಗಿ ಫೋನ್ ಮಾಡಿದ್ದಳಂತೆ. ಹೊಸ ಕಾದಂಬರಿ 'ದೀಪಸ್ತಂಭದ ಬಾಡಿಗೆದಾರ' ಚೆನ್ನಾಗಿ ಮಾರಾಟವಾದರೆ ಸರಿ. ಇಲ್ಲದಿದ್ದರೆ ಮರ್ವಿನ್ ಟ್ರೆಲೋರ್‌ನ ಪುಸ್ತಕಗಳನ್ನು ಅವರು ಇನ್ನು ಮುಂದೆ ಅಚ್ಚು ಹಾಕುವುದಿಲ್ಲ.

"ಅವನು ಏನಂದ?" ಎಂದು ಕೇಳಿದೆ.

"'ಅವರಿಗೂ ಹೊಸಬರು ಬೇಕಲ್ವೇ, ಎಷ್ಟು ಚೆನ್ನಾಗಿ ಬರೀತಿದ್ದಾರೆ' ಅಂದ. ಆಮೇಲೆ ಕ್ಯಾರವಾನ್‌ಗೆ ಹೋಗಿ ಬಾಗಿಲು ಹಾಕ್ಕೊಂಡ. ಟೈಪ್ ಮಾಡೋ ಸದ್ದೇ ಬರ್ಲಿಲ್ಲ ಕಣೋ. ಮದ್ವೆ ಆದಾಗಿಂದ ಆ ಸದ್ದಿಲ್ದೆ ನಾನು ಬೆಳಗ್ಗೆ ಟೀ ಮಾಡಿದ್ದೇ ಇಲ್ಲ. ಬರೀದೆ ಇದ್ರೆ ಅವನು ಏನಾಗ್ತಾನೆ ಹೇಳು."

ಹಿತ್ತಲಿನ ಆ ಹಳೆಯ ಕ್ಯಾರವಾನಿನಲ್ಲಿ, ಅಂದರೆ ಚಕ್ರದ ಮೇಲಿನ ಆ ಪುಟ್ಟ ಕೋಣೆಯಲ್ಲಿ, ಕಾಲ ಬಳಿ ಹೀಟರು ಇಟ್ಟುಕೊಂಡು, ಬೆಳಗಿನ ಜಾವಕ್ಕೇ ಜನರನ್ನು ಕೊಲ್ಲಲು ಕೂರುವ ಮರ್ವಿನ್ ಇಲ್ಲದ ಹ್ಯಾಡ್ಲೋ ಕೊಲ್ಲಿಯನ್ನು ನಾನು ಕಲ್ಪಿಸಿಕೊಳ್ಳಲಾರೆ. ಆ ಕ್ಷಣ ನನಗೆ ನಿಜವಾಗಿಯೂ ದುಃಖವಾಯಿತು.

ಹೀಗಾಗಿ ಪುಸ್ತಕ ಬಿಡುಗಡೆಯನ್ನು ಊರೇ ಮೈಮೇಲೆ ಹಾಕಿಕೊಂಡಿತು. ನಮ್ಮ ಕಡೆ ನಡುಚಳಿಗಾಲವಾದ ಜುಲೈ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಹೊರಗೆ ಹಿಮ ಬೆರೆತ ಗಾಳಿ, ಸಭಾಂಗಣದೊಳಗೆ ಸೌದೆ ಒಲೆಯ ಬಿಸಿ, ಮೇಜಿನ ಮೇಲೆ ಸ್ಕೋನೆಂಬ ಪುಟ್ಟ ಬನ್ನು, ಜಾಮು, ಕೆನೆ. ಮರ್ವಿನ್‌ನನ್ನು ಛೇಡಿಸಲೆಂದೇ ಹೆಂಗಸರು ಬಣ್ಣದ ಕಾಗದದ ಬಾವುಟಗಳನ್ನು ಹಗ್ಗಕ್ಕೆ ಬಟ್ಟೆ ಕ್ಲಿಪ್ಪುಗಳಿಂದ ಸಿಕ್ಕಿಸಿ, ಗೋಡೆಯಿಂದ ಗೋಡೆಗೆ ತೋರಣ ಕಟ್ಟಿದ್ದರು. ಪೆಟ್ರಾ ಮೆಲ್ಬರ್ನಿನಿಂದ ಖುದ್ದಾಗಿ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ನೋಲಾ ಬಾಗಿಲಲ್ಲೇ ನಿಂತು, ಶಸ್ತ್ರ ಒಪ್ಪಿಸಿಕೊಳ್ಳುವ ಕಾವಲುಗಾರಳಂತೆ, ಮರ್ವಿನ್‌ನ ಕೋಟನ್ನು ಜೇಬುಗಳ ಸಮೇತ ಕಳಚಿಸಿಕೊಂಡಳು. ಗ್ಲೆನಿಸ್ ಹಿಂದಿನ ದಿನವೇ ಆತನಿಂದ ಆಣೆ ಮಾಡಿಸಿದ್ದಳು: ಬಿಡುಗಡೆಯ ಒಂದು ದಿನ ಬೇರೆ ಯಾರ ಪುಸ್ತಕವನ್ನೂ ಹೊಗಳಕೂಡದು.

ಕೋಟಿಲ್ಲದ ಮರ್ವಿನ್ ಅರ್ಧದಷ್ಟಾಗಿ ಕಂಡ. ಆದರೂ ಆಣೆಯನ್ನು ಪಾಲಿಸಿದ. ಮೊದಲ ಪುಟಗಳನ್ನು ಓದಿದ, ಚೆನ್ನಾಗಿಯೇ ಓದಿದ. ದೀಪಸ್ತಂಭಕ್ಕೆ ಬಾಡಿಗೆಗೆ ಬಂದವನ ಹೆಣ ದಡಕ್ಕೆ ತೇಲಿ ಬಂದಾಗ ಹಿಂದಿನ ಸಾಲಿನಲ್ಲಿ ಯಾರದೋ ಸ್ಕೋನು ತಟ್ಟೆಗೆ ಬಿತ್ತು. ಪೆಟ್ರಾ ಮುಗುಳ್ನಕ್ಕಳು. ನೋಲಾ ನನ್ನತ್ತ ನೋಡಿ ಹುಬ್ಬು ಹಾರಿಸಿದಳು. ಎಲ್ಲ ಸುಸೂತ್ರವಾಗಿ ಮುಗಿಯುವುದರಲ್ಲಿತ್ತು. ಆಗ ನಿವೃತ್ತ ನರ್ಸ್ ಥೆಲ್ಮಾ, ಪಾಪ, ಕೆಟ್ಟದ್ದನ್ನು ಎಣಿಸದೆ ಕೈಯೆತ್ತಿ ಕೇಳಿದಳು: "ಮರ್ವ್, ಇದು ಮುಗಿದ ಮೇಲೆ ಚಳಿಗಾಲ ಕಳೆಯೋವರೆಗೆ ಇನ್ನೇನು ಓದೋಣಪ್ಪ?"

ಗ್ಲೆನಿಸ್ ಕಣ್ಣು ಮುಚ್ಚಿಕೊಂಡಳು. ಮರ್ವಿನ್ ಒಂದು ಕ್ಷಣ ತಡೆದ, ತುಟಿ ಕಚ್ಚಿದ, ಇಲ್ಲದ ಕೋಟಿನ ಜೇಬಿಗೆ ಕೈ ಹಾಕಿದ.

"ಇಷ್ಟೇ ಹೇಳ್ತೀನಿ," ಎಂದ.

ಸಭೆಯಲ್ಲಿ ನಿಟ್ಟುಸಿರೊಂದು ಸುಳಿಯಿತು. ಪಶ್ಚಿಮದ ಗಣಿಯೂರಿನ ಬ್ರಿಯೊನಿ ಹ್ಯಾಸ್ಕಿನ್ ಎಂಬ ಹೊಸ ಹುಡುಗಿ ಬರೆದ ಮೊದಲ ಕಾದಂಬರಿ 'ಉಪ್ಪುಕೆರೆಯ ಹಾದಿ'ಯ ಗುಣಗಾನ ಆರಂಭವಾಯಿತು. ಆತನ ಕಣ್ಣು ಹೊಳೆಯಿತು, ದನಿ ಏರಿತು, ಅರ್ಧದಷ್ಟಿದ್ದ ಮನುಷ್ಯ ಮತ್ತೆ ಪೂರ್ತಿಯಾದ. ಆ ಹುಡುಗಿ ಅಪರಾಧಿಯನ್ನು ಮೊದಲ ಪುಟದಿಂದಲೂ ನಮ್ಮೆದುರಿಗೇ ಓಡಾಡಿಸಿ, ಆದರೂ ಕಾಣದಂತೆ ಮಾಡುವ ಚಾತುರ್ಯವನ್ನು ವರ್ಣಿಸಿದ. ಆದರೆ ಅಪರಾಧಿ ಗಂಡೋ ಹೆಣ್ಣೋ ಎಂಬುದನ್ನೂ ಬಿಟ್ಟುಕೊಡಲಿಲ್ಲ. "ಹೇಗೆ ಅಡಗಿಸಿದ್ದಾಳೆ ಅಂತ ನಿಮಗೆ ಗೊತ್ತಾಗ್ಬೇಕಲ್ಲ," ಎಂದು ಚಡಪಡಿಸಿದ. "ಅವಳ ಪುಸ್ತಕ ಬಿಡಿಸಿ ಹೇಳೋ ಹಾಗಿಲ್ಲ, ಅದು ಪಾಪ. ಒಂದು ಹೋಲಿಕೆ ಕೊಡ್ತೀನಿ. ಈಗ ನನ್ನ ಪುಸ್ತಕಾನೇ ತಗೊಳ್ಳಿ..."

ಮತ್ತು ಸಾವಕಾಶವಾಗಿ, ಶಾಲೆಯ ಮೇಷ್ಟ್ರು ಹಲಗೆಯ ಮೇಲೆ ಲೆಕ್ಕ ಬಿಡಿಸುವಂತೆ, 'ದೀಪಸ್ತಂಭದ ಬಾಡಿಗೆದಾರ'ನನ್ನು ಕೊಂದವರು ಯಾರು, ಏಕೆ ಕೊಂದರು, ಆಯುಧವನ್ನು ಎಲ್ಲಿ ಬಚ್ಚಿಟ್ಟರು, ಎಷ್ಟನೇ ಅಧ್ಯಾಯದಲ್ಲಿ ಎಂಥ ಪೆದ್ದನಿಗೂ ಸುಳಿವು ಸಿಗುತ್ತದೆ ಎಂಬುದನ್ನು ಒಂದೂ ಬಿಡದೆ ವಿವರಿಸಿದ. "ನೋಡಿ, ನಾನು ಹೀಗೆ ಮುಗ್ಗರಿಸಿದ ಜಾಗದಲ್ಲೇ ಆ ಹುಡುಗಿ ಗೆದ್ದಿರೋದು!" ಎಂದು ವಿಜಯೋತ್ಸಾಹದಿಂದ ಸಭೆಯನ್ನು ನೋಡಿದ.

ಪೆಟ್ರಾಳ ಕೈಯ ಟೀ ಬಾಯಿಗೂ ತಟ್ಟೆಗೂ ನಡುವೆ ನಿಂತಿತ್ತು. ಗ್ಲೆನಿಸ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಳು. ತಾನು ಮಾಡಿದ್ದೇನೆಂದು ಮರ್ವಿನ್‌ಗೆ ನಿಧಾನವಾಗಿ ಅರಿವಾಯಿತು. ಮುಖ ಬಿಳುಚಿಕೊಂಡಿತು. ಗುಡ್ಡೆ ಹಾಕಿದ್ದ ತನ್ನ ಹೊಸ ಪುಸ್ತಕಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಯಾರನ್ನೂ ನೋಡದೆ ಪಕ್ಕದ ಬಾಗಿಲಿನಿಂದ ಹೊರಟುಹೋದ.

ನಾನು ಹಿಂದೆಯೇ ಹೋದೆ. ಕೋಟಿಲ್ಲದೆ, ಆ ಚಳಿಯಲ್ಲಿ, ಮೆಟ್ಟಿಲ ಮೇಲೆ ಕುಳಿತಿದ್ದ. "ಗ್ಲೆನಿಸ್‌ಗೆ ಏನಂತ ಹೇಳ್ಲೋ?" ಎಂದ. ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು, "ನಾನು ಒಳ್ಳೆ ಬರಹಗಾರ ಅಲ್ಲ, ಅದು ನಂಗೆ ಗೊತ್ತು. ಆದ್ರೆ ಬೆಳಗ್ಗೆ ಎದ್ದಾಗ ಆ ಕ್ಯಾರವಾನಿಗೆ ಹೋಗೋಕೆ ಒಂದು ಕಾರಣ ಬೇಕಿತ್ತು ಕಣೋ," ಎಂದ. ನಾನು ನನ್ನ ಕೋಟನ್ನೇ ಬಿಚ್ಚಿ ಅವನಿಗೆ ಹೊದಿಸಿದೆ. ಅಷ್ಟರಲ್ಲಿ ಒಳಗಿನಿಂದ ಕುರ್ಚಿ ಎಳೆದ ಸದ್ದೂ ಕ್ಲೈವ್‌ನ ಗಡಸು ದನಿಯೂ ಕೇಳಿಸಿದವು. ನಾವಿಬ್ಬರೂ ಬಾಗಿಲ ಸಂದಿಯಿಂದ ಇಣುಕಿದೆವು.

ಕ್ಲೈವ್ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ.

"ನಂಗೆ ಕಿವಿ ಸ್ವಲ್ಪ ಮಂದ," ಎಂದ. "ಮರ್ವ್ ಈಗ ಏನು ಹೇಳಿದ ಅಂತ ನಂಗಂತೂ ಕೇಳಿಸ್ಲಿಲ್ಲ. ನಿಂಗೆ ಕೇಳಿಸ್ತಾ ಥೆಲ್ಮಾ?"

"ನಂದು ಕಿವಿ ಮಿಷನ್ನೇ ಮನೇಲಿದೆ," ಎಂದಳು ಥೆಲ್ಮಾ. ಅವಳಿಗೆ ಕಿವಿ ಮಿಷನ್ ಇದೆಯೆಂದು ಅದಕ್ಕೂ ಮುಂಚೆ ಯಾರೂ ಕೇಳಿರಲಿಲ್ಲ.

"ನಾನು ಸಾಯೋಕೆ ಬಿದ್ದಾಗ ಆ ನನ್ಮಗ ನಂಗೆ ಕೊಲೆಗಾರನ ಹೆಸರು ಹೇಳ್ಲಿಲ್ಲ," ಎಂದ ಕ್ಲೈವ್. "ಈಗ ನಮ್ಮ ಸರದಿ. ಈ ಊರಿಂದ ಆಚೆಗೆ ಯಾರಾದ್ರೂ ಬಾಯಿ ಬಿಟ್ರೆ, ಅವರಿಗೆ ನನ್ನ ಅಂಗಡೀಲಿ ಬರೀ ಮೂಳೆ." ಕೈ ಚಾಚಿ ತೋರಣದಿಂದ ಒಂದು ಕ್ಲಿಪ್ಪು ಕಿತ್ತ. ಬಾವುಟ ಜಾಮಿನ ಬಟ್ಟಲಿಗೆ ಬಿತ್ತು. ಕುರ್ಚಿಯಿಂದಿಳಿದು ಒಂದು ಪುಸ್ತಕ ಎತ್ತಿಕೊಂಡು, ಕೊನೆಯ ಅಧ್ಯಾಯ ಹುಡುಕಿ, ಕ್ಲಿಪ್ಪು ಸಿಕ್ಕಿಸಿ, ಪೆಟ್ರಾಳ ಮುಂದೆ ಹಣವಿಟ್ಟ. ಆಮೇಲೆ ಜನ ತೋರಣಕ್ಕೆ ಮುಗಿಬಿದ್ದರು. ಬಾವುಟಗಳು ಸ್ಕೋನುಗಳ ಮೇಲೂ ಬೋಳುತಲೆಗಳ ಮೇಲೂ ಉದುರಿದವು. ಕೊನೆಗೆ ಹಗ್ಗವೊಂದೇ ಉಳಿಯಿತು.

ನಮ್ಮದು ಗುಟ್ಟು ನಿಲ್ಲದ ಊರು. ಯಾರ ಮನೆಯ ಚರಂಡಿ ಕಟ್ಟಿದರೂ ಫೆರಿ ನಡೆಸುವವನಿಗೆ ಗೊತ್ತಾಗುತ್ತದೆ. ಅಂಥ ಊರು ಈ ಒಂದು ವಿಷಯದಲ್ಲಿ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಬೇಕರಿಯಲ್ಲಿ, ಬಂದರುಕಟ್ಟೆಯಲ್ಲಿ, ಚರ್ಚಿನ ಬಾಗಿಲಲ್ಲಿ ಪ್ರವಾಸಿಗರು ಕುತೂಹಲದಿಂದ ಕೆದಕಿದಷ್ಟೂ ಜನ ಗಂಭೀರವಾಗಿ ತಲೆಯಾಡಿಸಿ, "ಓದಿ ನೋಡಿ" ಎಂದರು. ಕ್ಲಿಪ್ಪು ಹಾಕಿದ ಪುಸ್ತಕದ ಸುದ್ದಿ ಫೆರಿ ಹತ್ತಿ ಆಚೆ ದಡಕ್ಕೆ ಹೋಯಿತು. ನೋಲಾಳ ಅಂಗಡಿಗೆ ತರಿಸಿದ ಪ್ರತಿಗಳಿಗೆ ಕ್ಲಿಪ್ಪು ಸಾಲದೆ ಮನೆಮನೆಯಿಂದ ಬಂದವು. ಆ ಆಗಸ್ಟಿನಲ್ಲಿ ಹ್ಯಾಡ್ಲೋ ಕೊಲ್ಲಿಯ ಒಳ ಉಡುಪುಗಳೆಲ್ಲ ಬೇಲಿಗಳ ಮೇಲೆ ಸ್ವಚ್ಛಂದವಾಗಿ ವಿಹರಿಸಿದವು. ಕಡೆಗೊಂದು ಬೆಳಿಗ್ಗೆ ಪೆಟ್ರಾ ಮತ್ತೆ ಫೋನ್ ಮಾಡಿ, ಮರುಮುದ್ರಣಕ್ಕೆ ಕೊಟ್ಟಿದ್ದೇವೆ, ಮುಂದಿನದನ್ನು ಬರೆಯಿರಿ ಎಂದಳಂತೆ. ಇದನ್ನು ಗ್ಲೆನಿಸ್ ಹೇಳುವ ಅಗತ್ಯವೇ ಇರಲಿಲ್ಲ. ಕ್ಯಾರವಾನಿನಿಂದ ಟೈಪ್ ಮಾಡುವ ಸದ್ದು ನನ್ನ ಅಡುಗೆಮನೆಗೇ ಕೇಳಿಸುತ್ತಿತ್ತು.

ಅಂದಹಾಗೆ, ದೀಪಸ್ತಂಭದ ಬಾಡಿಗೆದಾರನನ್ನು ಕೊಂದವರು ಯಾರೆಂದು ಓದುಗರು ನನ್ನಿಂದ ನಿರೀಕ್ಷಿಸುತ್ತಿದ್ದರೆ ಕ್ಷಮಿಸಬೇಕು. ನಾನೂ ಇದೇ ಊರಿನವನು, ನನಗೂ ವಾರಕ್ಕೊಮ್ಮೆ ಒಳ್ಳೆಯ ಮಾಂಸ ಬೇಕು.

ಮೊನ್ನೆ ಶನಿವಾರ ನೋಲಾಳ ಅಂಗಡಿಗೆ ಹೋಗಿದ್ದೆ. ಮರ್ವಿನ್ ಕುರ್ಚಿಯಲ್ಲಿರಲಿಲ್ಲ, ಕಪಾಟಿನ ಹಿಂದೆ ಹೊಸ ಪುಸ್ತಕಗಳನ್ನು ಮೂಸಿ ನೋಡುತ್ತಿದ್ದ. ಫೆರಿಯಿಂದಿಳಿದ ಒಬ್ಬ ಯುವಕ 'ಉಪ್ಪುಕೆರೆಯ ಹಾದಿ'ಯನ್ನು ಕೈಗೆತ್ತಿಕೊಂಡಿದ್ದ. ಸಾಸೇಜು ಕೊಡಲು ಬಂದಿದ್ದ ಕ್ಲೈವ್ ಆತನನ್ನು ತಡೆದು, "ಅದೂ ತಗೋ, ಬೇಡ ಅನ್ನಲ್ಲ," ಎಂದು, ಕ್ಲಿಪ್ಪು ಹಾಕಿದ ಇನ್ನೊಂದು ಪುಸ್ತಕವನ್ನು ಮೇಲಿಟ್ಟ. "ಮೊದ್ಲು ಇದನ್ನ ಓದು. ಇಷ್ಟೇ ಹೇಳ್ತೀನಿ..." ಎಂದು ಆರಂಭಿಸಿದ. ಓಡಿ ಬಂದು ತನ್ನ ಪುಸ್ತಕವನ್ನು ಕಿತ್ತುಕೊಳ್ಳುತ್ತಾನೆಂದು ನಾನು ಮರ್ವಿನ್‌ನತ್ತ ತಿರುಗಿದೆ. ಆತ ಅಲ್ಲಾಡಲಿಲ್ಲ. ಯಾರದೋ ಕಾದಂಬರಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು, ಕ್ಲೈವ್‌ನ ಅರ್ಧ ಗಂಟೆಯನ್ನೂ ನಿಂತಲ್ಲೇ ಕೇಳಿದ. ಪುಸ್ತಕ ತಲೆಕೆಳಗಾಗಿತ್ತು.

ಗುಟ್ಟನ್ನು ಕಟ್ಟಿ ಜೀವನ ಸಾಗಿಸುವ ಈ ಜಾತಿಯ ಜನರನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಅನಿಸಿದ್ದಿಷ್ಟು. ಪುಸ್ತಕದಲ್ಲಿ ಅವರು ಹೆಣವನ್ನು ಅಡಗಿಸಬಲ್ಲರು, ಆಯುಧವನ್ನು ಅಡಗಿಸಬಲ್ಲರು, ಸುಳಿವನ್ನು ನಮ್ಮ ಕಣ್ಣೆದುರಿಗೇ ಇಟ್ಟು ಕಾಣದಂತೆ ಮಾಡಬಲ್ಲರು. ಇನ್ನೊಬ್ಬರು ತಮಗಿಂತ ಚೆನ್ನಾಗಿ ಬರೆದಾಗ ಉಕ್ಕುವ ಸಂತೋಷವನ್ನು ಮಾತ್ರ ಅಡಗಿಸಲಾರರು. ಅಂಥವರಿಗೆ ತಮ್ಮ ಕಥೆಯನ್ನು ಕಾಪಾಡಿಕೊಳ್ಳಲು ಬರುವುದಿಲ್ಲ. ಅದನ್ನು ಸುತ್ತಲಿನವರೇ ಕಾಯಬೇಕಾಗುತ್ತದೆ.